ಅತಿಥಿಯ ವಾಯಿದೆ

ತಿಥಿಯನ್ನು ಗೊತ್ತುಪಡಿಸದೆ ಬರುವವನೇ ಅತಿಥಿಯೆಂದು ನಮ್ಮ ಹಿರಿಯರು ಅರ್ಥ ಹೇಳುತ್ತಿದ್ದರು. ಹೊರಡುವ ದಿನವನ್ನು ಅವನಲ್ಲಿ ಕೇಳುವುದು ಗೃಹಸ್ಥನಿಗೆ ಸಲ್ಲದ ಮಾತಾಗಿತ್ತು. ಅಮೆರಿಕಾ ದೇಶದ ಸರ್ಕಾರವಾದರೋ ತನ್ನ ಅತಿಥಿಗೆ ಹೊಸ್ತಿಲಲ್ಲಿಯೇ ಆ ದಿನವನ್ನು ಬರೆದುಕೊಡುತ್ತದೆ. ಮಕ್ಕಳು ಆ ದೇಶದಲ್ಲಿ ನೆಲಸಿರುವ ಕನ್ನಡದ ಮನೆಗಳು ಈಗ ಸಣ್ಣ ಊರುಗಳಲ್ಲಿಯೂ ಉಂಟು. ಅವರನ್ನು ನೋಡಲು ಹೋಗುವವರಲ್ಲಿ ತರುಣರೂ ಇರುವರು. ತರುಣರು ಹೋದೆಡೆಯಲ್ಲಿ ಒಲವು ಹುಟ್ಟುವುದು ಆಶ್ಚರ್ಯವಲ್ಲ. ಆದಕಾರಣ ಈ ವಿಷಯವನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ಮೊದಲನೆಯ ತಪ್ಪು ತಿಳಿವಳಿಕೆಯು ವೀಸಾದ ಮೇಲಿನ ತಾರೀಖಿನಿಂದ ಹುಟ್ಟುತ್ತದೆ. ಭಾರತೀಯರಿಗೆ ಸಂದರ್ಶಕರ ವೀಸಾವು ಸಾಮಾನ್ಯವಾಗಿ 10 ವರ್ಷಗಳ ಮಟ್ಟಿಗೆ ದೊರೆಯುವುದಷ್ಟೆ. ಅದು ಬಾಗಿಲು ತಟ್ಟುವುದಕ್ಕೆ ಅನುಮತಿಯೇ ಹೊರತು ಒಳಗೆ ಕುಳಿತಿರುವುದಕ್ಕಲ್ಲ. ಎಷ್ಟು ದಿನ ಇರಬಹುದೆಂಬುದನ್ನು ವಿಮಾನನಿಲ್ದಾಣದ ಅಧಿಕಾರಿಯು ನಿಶ್ಚಯಿಸಿ ಐ-94 ಎಂಬ ದಾಖಲೆಯಲ್ಲಿ ನಮೂದಿಸುವನು; ಬಹುಮಟ್ಟಿಗೆ ಅದು 6 ತಿಂಗಳು. ವಿಸ್ತರಣೆಗೆ ಮುಂಚಿತವಾಗಿ ಅರ್ಜಿ ಕೊಡದೆ ಆ ವಾಯಿದೆಯನ್ನು ಒಂದು ದಿನ ಮೀರಿದರೂ ಕೈಯಲ್ಲಿರುವ ವೀಸಾವು ರದ್ದಾದಂತೆಯೇ.

ಯುವತಿಯೊಬ್ಬಳು ಅಕ್ಕನ ಬಾಣಂತನಕ್ಕೆಂದು ಹೋದಳೆನ್ನೋಣ. ಅಲ್ಲಿ ಒಬ್ಬನ ಪರಿಚಯವಾಗಿ ಮನಸ್ಸುಗಳು ಕೂಡಿದುವು. ವಾಯಿದೆ ಮುಗಿಯಿತು. ಇನ್ನೊಂದು ತಿಂಗಳು, ಮತ್ತೊಂದು ತಿಂಗಳು ಎಂದು ನಿಂತಳು. ಯಾರೂ ಬಂದು ಕೇಳಲಿಲ್ಲ. ಹೀಗೆ 7 ತಿಂಗಳು ಕಳೆದ ಮೇಲೆ ತಂದೆಗೆ ಕಾಯಿಲೆಯೆಂಬ ಸುದ್ದಿ ಬಂದು, ಮರುದಿನವೇ ಊರಿಗೆ ಹೊರಟಳು. ತಪ್ಪು ಇಲ್ಲಿಗೆ ತೀರಿತೆಂದು ಅವಳೆಣಿಸಿದಳು. ದಂಡವು ಆರಂಭವಾದುದೇ ಅಲ್ಲಿಂದ. 1996ರಲ್ಲಿ ಆದ ಕಾನೂನಿನಂತೆ, ವಾಯಿದೆ ಮೀರಿ 180 ದಿನಗಳಿಗಿಂತ ಹೆಚ್ಚು ಕಾಲ ನಿಂತು ಹೊರಟವರಿಗೆ 3 ವರ್ಷ, ಒಂದು ವರ್ಷ ಅಥವಾ ಅದಕ್ಕೂ ಮೇಲ್ಪಟ್ಟು ನಿಂತವರಿಗೆ 10 ವರ್ಷ ಮರುಪ್ರವೇಶವಿಲ್ಲ. ಈ ನಿಷೇಧವು ದೇಶವನ್ನು ಬಿಟ್ಟು ಹೊರಟೊಡನೆ ತಗಲುತ್ತದೆ. ನಮ್ಮ ಅಜ್ಜಂದಿರ ಕಾಲದಲ್ಲಿ ಸಮುದ್ರ ದಾಟಿ ಹಿಂದಿರುಗಿದವನಿಗೆ ಪ್ರಾಯಶ್ಚಿತ್ತವಿತ್ತು. ಪಂಚಗವ್ಯದಿಂದ ಅದು ಮುಗಿಯುತ್ತಿತ್ತು. ಇದು ಅಷ್ಟು ಸುಲಭದ್ದಲ್ಲ.

ಅಲ್ಲಿಯೇ ಮದುವೆಯಾದರೆ ಸರಿಹೋಗದೇ ಎಂದು ಕೇಳುವರು. ಸರಿಹೋಗುವುದೂ ಉಂಟು, ಹೋಗದಿರುವುದೂ ಉಂಟು. ವರನು ಆ ದೇಶದ ಪ್ರಜೆಯಾಗಿದ್ದು, ವಧುವು ಅಧಿಕಾರಿಯ ಮುಂದೆ ಕ್ರಮವಾಗಿ ಪ್ರವೇಶಿಸಿದವಳಾಗಿದ್ದರೆ, ವಾಯಿದೆ ಮೀರಿದ ದೋಷವು ಅಡ್ಡಬರುವುದಿಲ್ಲ. ಹೊರಗೆ ಹೋಗದೆ ಅಲ್ಲಿಂದಲೇ ಖಾಯಂ ನಿವಾಸಕ್ಕೆ ಅರ್ಜಿ ಹಾಕಬಹುದು. ಆದರೆ ಅರ್ಜಿಯು ವಿಚಾರಣೆಯಲ್ಲಿದೆಯೆಂಬುದು ತಾನೇ ಅಭಯಪತ್ರವಲ್ಲ. ಮುಂಗಡ ಅನುಮತಿಯಿಲ್ಲದೆ ನಡುವೆ ದೇಶ ಬಿಟ್ಟರೆ ಅರ್ಜಿಯೂ ಬಿದ್ದುಹೋಗುವುದು. ವರನು ಗ್ರೀನ್‌ಕಾರ್ಡನ್ನು ಮಾತ್ರ ಪಡೆದವನೋ, ಕೆಲಸದ ವೀಸಾದ ಮೇಲೆ ಇರುವವನೋ ಆಗಿದ್ದರೆ ಈ ರಿಯಾಯಿತಿಯಿಲ್ಲ. ಮನೆ, ಕಾರು, ಸಂಬಳ ಮೂವರಿಗೂ ಒಂದೇ ತೆರನಾಗಿರಬಹುದು. ಗೋತ್ರ, ನಕ್ಷತ್ರಗಳನ್ನು ವಿಚಾರಿಸುವ ಹಿರಿಯರು ಇದೊಂದನ್ನೂ ವಿಚಾರಿಸುವುದು ಲೇಸು.

ಸುಳ್ಳಿನ ಮಾತು ಬೇರೆ. ಮೊದಲೇ ಮದುವೆಯಾಗಿ ನೆಲಸುವ ಸಂಕಲ್ಪವಿದ್ದು, ಅಕ್ಕನನ್ನು ನೋಡಿ ಬರುವೆನೆಂದು ಅಧಿಕಾರಿಗೆ ಹೇಳಿ ವೀಸಾ ಪಡೆದುದು ಸಿದ್ಧವಾದರೆ, ನಿಷೇಧವು ಜೀವಾವಧಿಯದು. ಪ್ರಜೆಯಾದ ಅಥವಾ ಖಾಯಂ ನಿವಾಸಿಯಾದ ಪತಿಗೋ ತಂದೆತಾಯಿಗಳಿಗೋ ಅತಿಶಯವಾದ ಕಷ್ಟವುಂಟಾಗುವುದೆಂದು ತೋರಿಸಿ ಕ್ಷಮೆ ಬೇಡಬಹುದಾದರೂ, ಅದು ದೊರೆತೇ ದೊರೆಯುವುದೆಂಬ ಭರವಸೆಯಿಲ್ಲ.

ನೇರವಾದ ದಾರಿ ಇಲ್ಲದಿಲ್ಲ. ಪ್ರಜೆಯನ್ನು ವರಿಸಿದವರಿಗೆ ಕೆ-1 ಎಂಬ ವೀಸಾವುಂಟು. ವರನು ಅರ್ಜಿ ಹಾಕುವುದಕ್ಕೆ ಹಿಂದಿನ 2 ವರ್ಷಗಳೊಳಗೆ ಇಬ್ಬರೂ ಮುಖತಃ ಭೇಟಿಯಾಗಿರಬೇಕು. ಅಲ್ಲಿಗೆ ತಲುಪಿದ 90 ದಿನಗಳೊಳಗೆ ಲಗ್ನವಾಗಬೇಕು. ಇಲ್ಲವೇ ವಾಯಿದೆಯೊಳಗೆ ಹಿಂದಿರುಗಿ, ಇಲ್ಲಿ ಮದುವೆಯನ್ನು ನೋಂದಾಯಿಸಿ, ಪತ್ನಿಗೆ ಸಲ್ಲುವ ವೀಸಾಕ್ಕಾಗಿ ಕಾಯಬೇಕು. ಹೊಸ ದಂಪತಿಗಳಿಗೆ ಈ ಕಾಯುವಿಕೆಯು ಕಠಿನವೆಂಬುದನ್ನು ನಾವು ಬಲ್ಲೆವು. 10 ವರ್ಷದ ಅಗಲಿಕೆಯೊಡನೆ ತೂಗಿ ನೋಡಿದಾಗ ಮಾತ್ರ ಅದು ಹಗುರವಾಗಿ ಕಾಣುತ್ತದೆ.

ಐ-94 ದಾಖಲೆಯನ್ನು ಪಾಸ್‌ಪೋರ್ಟಿನ ಸಂಖ್ಯೆ ಕೊಟ್ಟು ಆ ಸರ್ಕಾರದ ಜಾಲತಾಣದಲ್ಲಿಯೇ ನೋಡಿಕೊಳ್ಳಬಹುದು. ಅಕ್ಕನ ಮನೆಯನ್ನು ಮುಟ್ಟಿದ ದಿನವೇ ನೋಡಿ, ತೊಟ್ಟಿಲ ಪಕ್ಕದ ಪಂಚಾಂಗದಲ್ಲಿ ಆ ತಾರೀಖಿಗೆ ಗುರುತು ಹಾಕಿಡತಕ್ಕದ್ದು.