ಸೊಂಟದ ನರವೂ ನ್ಯಾಯಾಲಯದ ಗಡಿಯಾರವೂ

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಮಾನ್ವಿಯ ಸೀಮೆಯಲ್ಲಿ ಬತ್ತದ ಬೆಳೆ ಹೆಚ್ಚಿತು. ಅದರೊಡನೆ ಸೊಂಟ ಬಗ್ಗಿಸುವ ದುಡಿಮೆಯೂ ಹೆಚ್ಚಿತು. ನೀರಮಾನ್ವಿಯ ಕಡೆ ದಿನವಿಡೀ ನಾಟಿ ಹಚ್ಚುವ ಹೆಂಗಸರಿಗಾಗಲಿ, ಚೀಲ ಹೊತ್ತು ಲಾರಿ ತುಂಬುವ ಹಮಾಲರಿಗಾಗಲಿ ಸೊಂಟನೋವು ಹೊಸತಲ್ಲ. ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದುಕೊಂಡು, ಎರಡು ಗುಳಿಗೆ ನುಂಗಿ ಮರುದಿನ ಕೆಲಸಕ್ಕೆ ಹೋಗುವುದೇ ವಾಡಿಕೆ. ಬಹುಪಾಲು ನೋವು ಹಾಗೆಯೇ ಮಾಯವೂ ಆಗುತ್ತದೆ. ಅಪಾಯವಿರುವುದು ಮಾಯವಾಗದೆ ಉಳಿಯುವ ಆ ಅಲ್ಪಪಾಲಿನಲ್ಲಿ.

ಬೆನ್ನುಹುರಿಯು ಸೊಂಟದ ಮೇಲ್ಭಾಗದಲ್ಲಿಯೇ ಕೊನೆಗೊಳ್ಳುತ್ತದೆ. ಅಲ್ಲಿಂದ ಕೆಳಗೆ ನರಗಳು ಕುದುರೆಯ ಬಾಲದಂತೆ ಗೊಂಚಲಾಗಿ ಇಳಿಯುತ್ತವೆ. ಲ್ಯಾಟಿನ್ನಿನ 'ಕಾಡಾ ಇಕ್ವೈನಾ' ಎಂಬ ಹೆಸರಿನ ಅರ್ಥವೂ ಅದೇ. ಬೆನ್ನೆಲುಬಿನ ಮಣಿಗಳ ನಡುವಣ ಮೆತ್ತೆ ಹಿಂದಕ್ಕೆ ಜಾರಿ ಈ ಗೊಂಚಲನ್ನು ಅದುಮಿತೆಂದರೆ ಎರಡೂ ಕಾಲುಗಳು ಸೆಳೆಯುತ್ತವೆ, ಜೀನಿನ ಮೇಲೆ ಕುಳಿತಾಗ ತಾಗುವಷ್ಟು ಭಾಗ ಜೋಮು ಹಿಡಿಯುತ್ತದೆ, ಮೂತ್ರ ಕಟ್ಟುತ್ತದೆ. ಎಮ್.ಆರ್.ಐ. ಚಿತ್ರದಿಂದ ಅದನ್ನು ಖಚಿತಪಡಿಸಿಕೊಂಡು ಒಡನೆಯೇ ಶಸ್ತ್ರಚಿಕಿತ್ಸೆ ನಡೆಸಬೇಕು. 48 ಗಂಟೆಗಳೊಳಗೆ ಒತ್ತಡ ತೆಗೆದರೆ ಫಲ ಹೆಚ್ಚೆಂದು ವೈದ್ಯರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಇನ್ನೂ ಬೇಗನೆ ಆಗಲೆಂಬುದು ಹಲವರ ಮತ. ಮೂತ್ರ ಪೂರ್ತಿ ಕಟ್ಟುವುದಕ್ಕೆ ಮುಂಚಿನ ಗಂಟೆಗಳೇ ಅಮೂಲ್ಯ.

ಆದರೆ ಆ ಗಂಟೆಗಳು ಕಳೆಯುವುದು ಹೇಗೆ? "ಒಂದಕ್ಕೆ ಸರಿಯಾಗಿ ಹೋಗ್ತಿಯೇನವ್ವಾ?" ಎಂದು ವೈದ್ಯರು ಕೇಳುವುದಿಲ್ಲ, ಕೇಳದೆ ಹೇಳಿಕೊಳ್ಳುವುದಕ್ಕೆ ಆಕೆಗೆ ನಾಚಿಕೆ. ಈ ಒಂದು ಪ್ರಶ್ನೆಗೆ ಯಂತ್ರವೂ ಬೇಡ, ಹಣವೂ ಬೇಡ.

ಕಾಲು ಸೋತ ಮೇಲೆ ನ್ಯಾಯಾಲಯದ ಮೆಟ್ಟಿಲೇರಿದವನಿಗೆ ಎದುರಾಗುವುದೂ ಗಡಿಯಾರವೇ. ವೈದ್ಯರು ತಡಮಾಡಿದರೆಂದಷ್ಟೇ ತೋರಿಸಿದರೆ ಸಾಲದು. ಆ ತಡದಿಂದಲೇ ಅಂಗ ಕೆಟ್ಟಿತೆಂದೂ ಸ್ಥಾಪಿಸಬೇಕು. "ಬರುವ ಹೊತ್ತಿಗೇ ನರ ಸತ್ತಿತ್ತು" ಎಂಬುದು ಎದುರುಪಕ್ಷದ ಬಲವಾದ ಅಸ್ತ್ರ. ಎಷ್ಟೋ ಸಲ ಅದು ಸತ್ಯವೂ ಆಗಿರುತ್ತದೆ.

ಬೆನ್ನುನರದ ಹಾನಿಗೆ ಸಂಬಂಧಿಸಿದ ಪ್ರಸಿದ್ಧ ತೀರ್ಪೊಂದು ರಾಯಚೂರಿನವರು ದೊಡ್ಡ ಕಾಯಿಲೆಗಳಿಗೆ ಓಡುವ ಹೈದರಾಬಾದಿನದೇ. 1990ರಲ್ಲಿ ಅಲ್ಲಿನ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನ ಎದೆಗೂಡಿನ ಗಡ್ಡೆಯನ್ನು ತೆಗೆಯಲಾಯಿತು. ಎಚ್ಚರಗೊಂಡಾಗ ಅವನ ಕಾಲುಗಳಲ್ಲಿ ಶಕ್ತಿಯಿರಲಿಲ್ಲ. ಅಲ್ಲಿ ಪ್ರಶ್ನೆ ವಿಳಂಬದ್ದಲ್ಲ, ನರಶಸ್ತ್ರವೈದ್ಯರನ್ನು ಮೊದಲೇ ಜೊತೆಗೂಡಿಸಿಕೊಳ್ಳದಿದ್ದುದರದು. 1999ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವು 15.5 ಲಕ್ಷ ರೂಪಾಯಿ ವಿಧಿಸಿತು. ಗಾಲಿಕುರ್ಚಿಯ ಮೇಲಿಂದ ತನ್ನ ಮೊಕದ್ದಮೆಯನ್ನು ತಾನೇ ವಾದಿಸಿದ ಆತನಿಗೆ ಸರ್ವೋಚ್ಚ ನ್ಯಾಯಾಲಯವು 2009ರ ಮೇ ತಿಂಗಳಲ್ಲಿ 1 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ನಡುವೆ ಹರಿದುಹೋದುದು ಹತ್ತೊಂಬತ್ತು ವರ್ಷ!

ಬಡವನ ಪಾಡು ಬೇರೆ. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ನೀಡುವ ಆಸ್ಪತ್ರೆಯ ರೋಗಿ ಗ್ರಾಹಕನಲ್ಲವೆಂದು 1995ರ ಶಾಂತಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿತು. ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ, ಸಿವಿಲ್ ನ್ಯಾಯಾಲಯವಿದೆ. ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ 1963ರಲ್ಲಿ ಹೊಟ್ಟೆಯೊಳಗೆ ಬಟ್ಟೆ ಉಳಿದು ಮಡಿದ ಬಾಣಂತಿಗಾಗಿ ಸರ್ಕಾರವೇ ಹೊಣೆಯೆಂದು 1996ರಲ್ಲಿ ತೀರ್ಪಾಯಿತು. ಅದೂ ನ್ಯಾಯವೇ, ಮೂವತ್ತಮೂರು ವರ್ಷ ಕಾದವರಿಗೆ!

ಹಣ ತೆತ್ತು ಚಿಕಿತ್ಸೆ ಪಡೆದವರು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಅವಧಿ 2 ವರ್ಷ. ಚಿಕಿತ್ಸೆಯ ದಾಖಲೆಗಳನ್ನು ಕೇಳಿದ 72 ಗಂಟೆಗಳೊಳಗೆ ವೈದ್ಯರು ಕೊಡತಕ್ಕದ್ದೆಂದು 2002ರ ವೈದ್ಯಕೀಯ ಪರಿಷತ್ತಿನ ನಿಯಮ ಹೇಳುತ್ತದೆ. ಜೋಮು ಹಿಡಿದುದು ಎಷ್ಟು ಗಂಟೆಗೆ, ವೈದ್ಯರಿಗೆ ತಿಳಿಸಿದುದು ಎಷ್ಟು ಗಂಟೆಗೆ, ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುದು ಎಷ್ಟು ಗಂಟೆಗೆ—ಇಷ್ಟನ್ನು ಮನೆಯವರು ಆ ದಿನವೇ ಒಂದು ಹಾಳೆಯ ಮೇಲೆ ಬರೆದಿಟ್ಟುಕೊಂಡಿದ್ದರೆ ವಕೀಲರ ಅರ್ಧ ಕೆಲಸ ಮುಗಿದಂತೆಯೇ.