ಹದಿನೈದು ಥೌ ಸಂದು

ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂತೆಂದರೆ ಸವದತ್ತಿಯಿಂದ ಯಲ್ಲಮ್ಮನಗುಡ್ಡದ ದಾರಿ ತುಂಬ ಗಾಡಿಗಳು. ಮಂದಿ, ಬುತ್ತಿ ಹೇರಿಕೊಂಡು ಏರು ಹತ್ತುವ ಹಳೇ ಅಂಬಾಸಿಡರಿನ ಎಂಜಿನ್ ಎಷ್ಟು ಗಟ್ಟಿ ಎಂಬುದು ಅಲ್ಲಿ ಗೊತ್ತಾಗುತ್ತದೆ. ಆ ಏರಿಗೆ ಅದನ್ನು ಸಜ್ಜು ಮಾಡುವ ಕೆಲಸಗಳಲ್ಲಿ ಒಂದು ಟ್ಯಾಪೆಟ್ ಸೆಟ್ಟಿಂಗ್. ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಕಡೆ ಟ್ರ್ಯಾಕ್ಟರ್ ಬಿಚ್ಚಿ ಕೈ ಪಳಗಿಸಿಕೊಂಡ ಮಿಸ್ತ್ರಿಗಳಿಗೆ ಇದು ಹೊಸತಲ್ಲ; ಕಬ್ಬಿನ ಟ್ರೇಲರ್ ಎಳೆಯುವ ಡೀಸೆಲ್ ಎಂಜಿನ್ನಿಗೂ ಇದೇ ಉಪಚಾರ ಬೇಕು.

ಉತ್ತರಪಾರಾದಲ್ಲಿ 2014ರವರೆಗೂ ತಯಾರಾದ ಅಂಬಾಸಿಡರಿಗೆ ದಶಕಗಳ ಕಾಲ ಇದ್ದದ್ದು 1489 ಸಿಸಿ ಪೆಟ್ರೋಲ್ ಎಂಜಿನ್. ಅದರ ಕ್ಯಾಮ್ ಶಾಫ್ಟ್ ಕೆಳಗೆ ಬ್ಲಾಕಿನಲ್ಲಿ, ವಾಲ್ವುಗಳು ಮೇಲೆ ಹೆಡ್ಡಿನಲ್ಲಿ. ಕ್ಯಾಮ್ ತಿರುಗಿ ಟ್ಯಾಪೆಟ್ಟನ್ನು ಎತ್ತುತ್ತದೆ, ಟ್ಯಾಪೆಟ್ ಪುಶ್ ರಾಡನ್ನು, ಪುಶ್ ರಾಡ್ ರಾಕರಿನ ಒಂದು ತುದಿಯನ್ನು. ಇನ್ನೊಂದು ತುದಿ ಬಾಗಿ ವಾಲ್ವನ್ನು ಒತ್ತುತ್ತದೆ. ಎಂಜಿನ್ ಕಾದಾಗ ಇವೆಲ್ಲ ಹಿಗ್ಗುತ್ತವೆ. ಆ ಹಿಗ್ಗಿಗೆ ರಾಕರ್ ಮತ್ತು ವಾಲ್ವಿನ ನಡುವೆ ಸಂದು ಬಿಡಲೇಬೇಕು; ಆ ಸಂದನ್ನು ಸರಿಹೊಂದಿಸುವುದೇ ಟ್ಯಾಪೆಟ್ ಸೆಟ್ಟಿಂಗ್. ಈ ಎಂಜಿನ್ನಿಗೆ ರೂಢಿಯ ಅಳತೆ ಇಂಚಿನ ಸಾವಿರದಲ್ಲಿ 15 ಭಾಗ, ಸುಮಾರು 0.38 ಮಿ.ಮೀ. ಗ್ಯಾರೇಜಿನ ಮಾತಿನಲ್ಲಿ ಹದಿನೈದು ಥೌ.

ಎಂಟು ವಾಲ್ವುಗಳಲ್ಲಿ ಯಾವುದನ್ನು ಯಾವಾಗ ಹಿಡಿಯಬೇಕು? ತೆರೆದ ವಾಲ್ವಿನ ಸಂಖ್ಯೆಗೆ ಹಿಡಿಯುವ ವಾಲ್ವಿನ ಸಂಖ್ಯೆ ಕೂಡಿದರೆ ಒಂಬತ್ತು ಬರಬೇಕು, ಅಷ್ಟೇ ಲೆಕ್ಕ. ಎಂಟನೆಯದು ಪೂರ್ತಿ ತೆರೆದಾಗ ಒಂದನೆಯದು, ಆರನೆಯದು ತೆರೆದಾಗ ಮೂರನೆಯದು. ವಾಲ್ವು ತೆರೆಸಲು ಎಂಜಿನ್ನನ್ನು ಕೈಯಿಂದ ತಿರುಗಿಸಬೇಕು; ಪ್ಲಗ್ ಬಿಚ್ಚಿಟ್ಟರೆ ಅದು ಹಗುರಾಗಿ ತಿರುಗುತ್ತದೆ. ಫೀಲರ್ ಗೇಜಿನ ಎಲೆಯನ್ನು ಸಂದಿನಲ್ಲಿ ತೂರಿಸಿ, ಲಾಕ್ ನಟ್ ಸಡಿಲಿಸಿ, ಸ್ಕ್ರೂ ಡ್ರೈವರಿನಿಂದ ಸ್ಕ್ರೂ ತಿರುಗಿಸುತ್ತಾರೆ. ಎಲೆ ಎಳೆದಾಗ ತುಸು ಹಿಡಿದಂತಾಗಬೇಕು, ಸಿಕ್ಕಿಕೊಳ್ಳಬಾರದು. ಕಷ್ಟವಿರುವುದು ಆಮೇಲೆ: ನಟ್ ಬಿಗಿಯುವಾಗ ಸ್ಕ್ರೂ ಕೂದಲೆಳೆಯಷ್ಟು ತಾನೂ ತಿರುಗುತ್ತದೆ. ಎಡಗೈಯಲ್ಲಿ ಸ್ಕ್ರೂ ಅಲುಗದಂತೆ ಹಿಡಿದು ಬಲಗೈಯಲ್ಲಿ ನಟ್ ಬಿಗಿದು, ಎಲೆ ಮತ್ತೊಮ್ಮೆ ಹಾಕಿ ನೋಡದ ಮಿಸ್ತ್ರಿಗೆ ಗಾಡಿ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

"ಮಿಸ್ತ್ರಿ, ಸಪ್ಪಳ ಪೂರಾ ನಿಲ್ಲಲಿ ನೋಡ್ರಿ" ಎಂದು ಗಾಡಿ ಮಾಲೀಕರು ಹಟ ಹಿಡಿಯುವುದುಂಟು. ಅದಕ್ಕೆ ಮಣಿದರೆ ಕೆಟ್ಟಿತು. ಸಂದು ಹೆಚ್ಚಾದರೆ ಟಕಟಕ ಸದ್ದು, ವಾಲ್ವು ಕಡಿಮೆ ತೆರೆದು ಎಳೆತ ಇಳಿಯುತ್ತದೆ. ಆದರೆ ಅದು ಕಿವಿಗೆ ಬೀಳುವ ದೋಷ. ಸಂದು ತೀರ ಕಡಿಮೆಯಾದರೆ ಗಾಡಿ ಸುಮ್ಮನಿದ್ದೇ ಕೆಡುತ್ತದೆ. ಎಕ್ಸಾಸ್ಟ್ ವಾಲ್ವು ತನ್ನ ಕಾವನ್ನು ಬಹುಪಾಲು ಬಿಟ್ಟುಕೊಡುವುದು ಸೀಟಿನ ಮೇಲೆ ಪೂರ್ತಿ ಕುಳಿತಾಗ. ಬಿಗಿಯಾದ ವಾಲ್ವು ಪೂರ್ತಿ ಕೂರುವುದೇ ಇಲ್ಲ. ಅಂಚಿನಿಂದ ಉರಿಗಾಳಿ ನುಗ್ಗಿ ಅದನ್ನು ಸುಟ್ಟು ಹಾಕುತ್ತದೆ. ಗುಡ್ಡದ ಏರಿನಲ್ಲಿ, ಭಾರ ಹೊತ್ತಾಗ, ಇದು ಇನ್ನೂ ಬೇಗ. ಹಾಗಾಗಿ ಸಣ್ಣಗೆ, ಒಂದೇ ಸಮನೆ ಕೇಳುವ ಟ್ಯಾಪೆಟ್ ಸದ್ದಿಗೆ ಯಾರೂ ಹೆದರಬೇಕಿಲ್ಲ.

ಅಳತೆ ಸರಿಯಿದ್ದೂ ಸದ್ದು ಹೋಗದಿದ್ದರೆ ರಾಕರಿನ ಮೂತಿ ನೋಡಬೇಕು. ವರ್ಷಗಟ್ಟಲೆ ಬಡಿದು ಅಲ್ಲಿ ಕುಳಿ ಬಿದ್ದಿರುತ್ತದೆ. ಚಪ್ಪಟೆ ಎಲೆ ಕುಳಿಯ ಎರಡೂ ಅಂಚಿನ ಮೇಲೆ ಕೂತು ಹದಿನೈದು ಎನ್ನುತ್ತದೆ, ನಡುವಿನ ಸಂದು ಅದಕ್ಕಿಂತ ಹೆಚ್ಚಿರುತ್ತದೆ. ಆಗ ರಾಕರನ್ನೇ ಬದಲಿಸಬೇಕು ಇಲ್ಲವೇ ಸಾಣೆ ಹಿಡಿಸಬೇಕು. ಹೆಡ್ ಪ್ಯಾಕಿಂಗ್ ಹೊಸದು ಹಾಕಿದ್ದರೆ ಅದು ಕೂತ ಮೇಲೆ ಹೆಡ್ ನಟ್ಟುಗಳನ್ನು ಮತ್ತೆ ಬಿಗಿದು, ಎಂಟೂ ಸಂದುಗಳನ್ನು ಇನ್ನೊಮ್ಮೆ ಅಳೆಯಬೇಕು.