ಚಳಿಯನ್ನು ತಾಳುವ ಬತ್ತ

ಬತ್ತವು ಉಷ್ಣದೇಶದ ಬೆಳೆಯೆಂಬುದು ಎಲ್ಲರಿಗೂ ತಿಳಿದ ಮಾತು. ನೀರು, ಬಿಸಿಲು, ಬೆಚ್ಚನೆಯ ಕೆಸರು ಇವು ಮೂರೂ ಕೂಡಿದೆಡೆಯಲ್ಲಿ ಅದು ಹುಲುಸಾಗಿ ಬೆಳೆಯುತ್ತದೆ. ಆದರೂ ಚಳಿಗಾಲದಲ್ಲಿ ಹಿಮದಿಂದ ಮುಚ್ಚಿಹೋಗುವ ಜಪಾನಿನ ಹೊಕ್ಕೈಡೊ ದ್ವೀಪದಲ್ಲಿಯೂ ಇಂದು ಬತ್ತದ ಗದ್ದೆಗಳು ವಿಸ್ತಾರವಾಗಿ ಹರಡಿಕೊಂಡಿವೆ. ತನಗೆ ಒಗ್ಗದ ಚಳಿಯನ್ನು ಸಹಿಸುವ ಶಕ್ತಿ ಈ ಪೈರಿಗೆ ಎಲ್ಲಿಂದ ಬಂದಿತು? ಅದು ಬೀಜದಿಂದ ಬೀಜಕ್ಕೆ ಹೇಗೆ ಸಾಗಿಬರುತ್ತದೆ? ಈ ಎರಡು ಪ್ರಶ್ನೆಗಳನ್ನು ನಾವು ಈಗ ವಿಚಾರಮಾಡೋಣ.

ಇದು ಪಂಡಿತರ ಕುತೂಹಲಕ್ಕೆ ಮಾತ್ರ ಸೇರಿದ ವಿಷಯವಲ್ಲ. 1993ರ ಬೇಸಗೆಯಲ್ಲಿ ಜಪಾನಿನ ಈಶಾನ್ಯಭಾಗದ ಮೇಲೆ ‘ಯಮಸೆ’ ಎಂಬ ತಣ್ಣನೆಯ ಕಡಲಗಾಳಿ ಬಿಡದೆ ಬೀಸಿತು. ವಾಡಿಕೆಯ ಫಸಲನ್ನು 100 ಎಂದು ಹಿಡಿದರೆ ಆ ವರ್ಷ ದೇಶಕ್ಕೆಲ್ಲ ದೊರೆತುದು 74. ಅಓಮೊರಿ ಪ್ರಾಂತದಲ್ಲಿ 28 ಮಾತ್ರ. ಅನ್ನದ ವಿಷಯದಲ್ಲಿ ಸ್ವಾವಲಂಬಿಯೆಂದು ಹೆಮ್ಮೆಪಡುತ್ತಿದ್ದ ರಾಷ್ಟ್ರವು ಥಾಯ್ಲೆಂಡ್ ಮೊದಲಾದ ದೇಶಗಳಿಂದ ಅಕ್ಕಿಯನ್ನು ತರಿಸಿಕೊಳ್ಳಬೇಕಾಯಿತು.

ಚಳಿಯು ಪೈರನ್ನು ಹೇಗೆ ಕೆಡಿಸುತ್ತದೆಂಬುದನ್ನು ಮೊದಲು ತಿಳಿಯಬೇಕು. ಬಿತ್ತಿದಾಗ ತಂಪು ಹೆಚ್ಚಾದರೆ ಮೊಳಕೆ ತಡವಾಗುತ್ತದೆ. ಸಸಿಯಾದಾಗ ಎಲೆ ಹಳದಿಗೆ ತಿರುಗುತ್ತದೆ. ಇವು ಕಣ್ಣಿಗೆ ಕಾಣುವ ಹಾನಿಗಳು. ಇವೆಲ್ಲಕ್ಕಿಂತಲೂ ಘೋರವಾದುದು ಕಾಣದೆ ನಡೆಯುತ್ತದೆ. ತೆನೆ ಹೊರಬೀಳುವುದಕ್ಕೆ ಸುಮಾರು ಹತ್ತು ಹನ್ನೆರಡು ದಿನ ಮುಂಚೆ, ಅದು ಇನ್ನೂ ಹೊಡೆಯೊಳಗೆ ಅಡಗಿರುವಾಗ, ಪರಾಗದ ಕಣಗಳು ರೂಪುಗೊಳ್ಳುತ್ತವೆ. ಪರಾಗಕೋಶದ ಒಳಪದರವೊಂದು ಆ ಕಣಗಳಿಗೆ ದಾದಿಯಂತೆ ಉಣಿಸನ್ನೊದಗಿಸುತ್ತದೆ. ಚಳಿ ಹಿಡಿದರೆ ಈ ಪದರವು ಬಾತುಕೊಂಡು ತನ್ನ ಕೆಲಸವನ್ನು ಬಿಡುತ್ತದೆ. ಪರಾಗವು ಬಲಿಯದೆ ಸಾಯುತ್ತದೆ. ಸೂಕ್ಷ್ಮವಾದ ತಳಿಗಳಿಗೆ ಸೆಂಟಿಗ್ರೇಡ್ 17ರಿಂದ 19 ಡಿಗ್ರಿಯ ತಂಪೇ ಇದಕ್ಕೆ ಸಾಕು. ಗಟ್ಟಿತಳಿಗಳು 15ರಿಂದ 17ರವರೆಗೆ ತಾಳಬಲ್ಲುವು. ಪೈರು ಹಸುರಾಗಿಯೇ ಇರುತ್ತದೆ, ತೆನೆಯೂ ಹೊರಡುತ್ತದೆ. ಆದರೆ ಅದು ಬಾಗುವುದಿಲ್ಲ, ಒಳಗಿರುವುದೆಲ್ಲ ಜೊಳ್ಳು. ವರ್ಷದ ದುಡಿಮೆ ನಷ್ಟವಾಯಿತೆಂಬುದು ರೈತನಿಗೆ ತಿಳಿಯುವ ವೇಳೆಗೆ ಮಾಡಬಹುದಾದ ಉಪಾಯವೇನೂ ಉಳಿದಿರುವುದಿಲ್ಲ.

ಅಂತಹ ದಿನಗಳಲ್ಲಿ ಗದ್ದೆಯ ನೀರನ್ನು ಸುಮಾರು 8 ಅಂಗುಲದವರೆಗೆ ಏರಿಸುವ ಪದ್ಧತಿ ಉಂಟು. ನೀರು ಇರುಳಿನ ಗಾಳಿಗಿಂತ ಬೆಚ್ಚಗಿರುವುದರಿಂದ ಎಳೆಯ ತೆನೆಗೆ ಅದು ಹೊದಿಕೆಯಾಗುತ್ತದೆ. ಆದರೆ ಚಳಿ ಬಹುದಿನ ನಿಂತರೆ ಹೊದಿಕೆಯೂ ತಣ್ಣಗಾಗುವುದು. ಕಡೆಗೆ ಕಾಪಾಡಬೇಕಾದುದು ಬೀಜದ ಸ್ವಂತ ಶಕ್ತಿಯೇ.

ಈ ಶಕ್ತಿಯನ್ನು ಮೊದಲು ಗುರುತಿಸಿದವರು ಒಕ್ಕಲಿಗರು. 1873ರಲ್ಲಿ ಹೊಕ್ಕೈಡೊವಿನ ನಕಯಾಮ ಕ್ಯೂಜೊ ಎಂಬಾತನು ‘ಅಕಗೆ’ ಎಂಬ ಕೆಂಗೂದಲಿನ ಬತ್ತವನ್ನು ಬೆಳೆದು ತೋರಿಸಿದನು. 1893ರಲ್ಲಿ ಯಮಗತ ಪ್ರಾಂತದ ಅಬೆ ಕಮೆಜಿ ಎಂಬ ರೈತನು, ಚಳಿಯಿಂದ ಕೆಟ್ಟ ಗದ್ದೆಯೊಂದರಲ್ಲಿ ಕೆಡದೆ ಕಾಳು ಕಟ್ಟಿದ್ದ ಮೂರು ತೆನೆಗಳನ್ನು ಕಂಡು, ಬೇಡಿ ತಂದು, ಬಿತ್ತಿ ಆರಿಸಿದನು. ‘ಕಮೆನೊಒ’ ಎಂಬ ಪ್ರಸಿದ್ಧ ತಳಿ ಹುಟ್ಟಿದುದು ಹೀಗೆ. ಅದನ್ನು ಮತ್ತೊಂದರೊಡನೆ ಸಂಕರಮಾಡಿ 1921ರಲ್ಲಿ ‘ರಿಕುಉ 132’ ಎಂಬ ತಳಿಯನ್ನು ಹೊರತಂದರು.

ಮೆಂಡೆಲನು ತನ್ನ ಬಟಾಣಿಗಳಲ್ಲಿ ಎತ್ತರ, ಗಿಡ್ಡ ಎಂಬ ಎರಡೇ ಬಗೆಯನ್ನು ಕಂಡನು. ಚಳಿ ತಾಳುವ ಗುಣವು ಹಾಗೆ ಎರಡಾಗಿ ಒಡೆಯುವುದಿಲ್ಲ. ಗಟ್ಟಿತಳಿಗೂ ಸೂಕ್ಷ್ಮತಳಿಗೂ ಹುಟ್ಟಿದ ಮೊಮ್ಮಕ್ಕಳಲ್ಲಿ ಎಲ್ಲ ಮಟ್ಟದ ಪೈರುಗಳೂ ದೊರೆಯುವುವು. ಬತ್ತದ ಹನ್ನೆರಡು ಜೊತೆ ವರ್ಣತಂತುಗಳಲ್ಲಿ ಚದರಿರುವ ಅನೇಕ ಜೀನುಗಳು ಇದರಲ್ಲಿ ಪಾಲುಗೊಂಡಿರುವುದೇ ಇದಕ್ಕೆ ಕಾರಣ. ಮೊಳಕೆಗೆ ನೆರವಾಗುವ ಜೀನು ಹೊಡೆಯನ್ನೂ ಕಾಯುತ್ತದೆಂದು ನಂಬುವಂತಿಲ್ಲ.

ಮೂರು ಉದಾಹರಣೆಗಳನ್ನು ನೋಡೋಣ. ತಂಪಿನಲ್ಲಿಯೂ ಬೇಗ ಮೊಳೆಯಿಸುವ ಜೀನೊಂದನ್ನು ಜಪಾನಿನ ವಿಜ್ಞಾನಿಗಳು 2008ರಲ್ಲಿ ಮೂರನೆಯ ವರ್ಣತಂತುವಿನಲ್ಲಿ ಗೊತ್ತುಮಾಡಿದರು. ಅದು ಬಂದುದು ಇಟಲಿಯ ತಳಿಯಿಂದ. ಸಸಿಗೆ ಸಂಬಂಧಪಟ್ಟ ‘ಕೋಲ್ಡ್ 1’ ಎಂಬ ಜೀನನ್ನು ಚೀನದ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದರು. ಅದರಿಂದಾಗುವ ಪ್ರೋಟೀನು ಜೀವಕೋಶದ ಪೊರೆಯಲ್ಲಿದ್ದು, ಚಳಿ ತಗುಲಿದೊಡನೆ ಕ್ಯಾಲ್ಸಿಯಂ ಒಳಹೊಗುವಂತೆ ಮಾಡಿ ಕೋಶವನ್ನು ಎಚ್ಚರಿಸುತ್ತದೆ. ಜಪೋನಿಕ ಬತ್ತಕ್ಕೂ ಇಂಡಿಕ ಬತ್ತಕ್ಕೂ ಈ ಜೀನಿನಲ್ಲಿರುವ ಮುಖ್ಯ ಭೇದವು ಒಂದೇ ಒಂದು ಅಕ್ಷರದಷ್ಟು. ಮೂರನೆಯದು ಇನ್ನೂ ಸೋಜಿಗದ್ದು. ಹೊಡೆಯ ಕಾಲದ ಚಳಿಯನ್ನು ತಡೆಯುವ ಜೀನೊಂದು ಹೊಕ್ಕೈಡೊವಿನ ಪೈರಿಗೆ ದೊರೆತುದು ಭೂಮಧ್ಯರೇಖೆಯ ಬಳಿಯ ಇಂಡೊನೇಷಿಯದ ‘ಸಿಲೇವ’ ಎಂಬ ನಾಡತಳಿಯಿಂದ. ಉದ್ದವಾದ ಪರಾಗಕೋಶಗಳಿಗೂ ಈ ಗುಣಕ್ಕೂ ಸಂಬಂಧ ಕಂಡುಬಂದಿದೆ. ಪರಾಗ ಹೇರಳವಾಗಿದ್ದರೆ ಒಂದು ಪಾಲು ಸತ್ತರೂ ಉಳಿದುದು ಕಾಳು ಕಟ್ಟಿಸಬಲ್ಲದು.

ಮೊದಲು ತಳಿಗಳನ್ನು ಪರೀಕ್ಷಿಸಲು ತಣ್ಣೀರು ಹರಿಸಿದ ಗದ್ದೆಯಲ್ಲಿ ಬೆಳೆದು, ಜೊಳ್ಳನ್ನೆಣಿಸಬೇಕಾಗಿತ್ತು. ಈಗ ಸಸಿಯ ಎಲೆಯ ಚೂರಿನಿಂದಲೇ ಬೇಕಾದ ಜೀನು ಇದೆಯೆ ಇಲ್ಲವೆ ಎಂಬುದನ್ನು ತಿಳಿಯಬಹುದು. ಆದರೆ ಜೀನನ್ನು ಹುಡುಕಲು ಮೊದಲು ಅದನ್ನು ಹೊತ್ತ ಬೀಜ ಉಳಿದಿರಬೇಕು. 1993ರಲ್ಲಿ ರುಚಿಗೆ ಹೆಸರಾದ ‘ಸಸನಿಶಿಕಿ’ ತಳಿಯು ಚಳಿಗೆ ಸೋತಿತು. ಎರಡು ವರ್ಷ ಹಿಂದೆ ಬಂದಿದ್ದ ‘ಹಿತೊಮೆಬೊರೆ’ ಅದಕ್ಕಿಂತ ಚೆನ್ನಾಗಿ ತಡೆದುಕೊಂಡು ಮುಂದೆ ಅದರ ಸ್ಥಳವನ್ನು ಆಕ್ರಮಿಸಿತು. ಇಂದು ಪೇಟೆಯಲ್ಲಿ ಬೆಲೆಯಿಲ್ಲವೆಂದು ನಾವು ಕೈಬಿಡುವ ನಾಡಬತ್ತದಲ್ಲಿ ಯಾವ ಗುಣ ಅಡಗಿದೆಯೋ ಹೇಳಲಾಗದು. ಅಬೆ ಕಮೆಜಿಯು ಆ ಮೂರು ತೆನೆಗಳನ್ನು ಕಂಡೂ ಕಾಣದವನಂತೆ ನಡೆದುಹೋಗಿದ್ದರೆ, ಅವು ಆ ಗದ್ದೆಯ ಹುಲ್ಲಿನೊಡನೆ ಕೊಳೆತುಹೋಗುತ್ತಿದ್ದುವು.